ರೋಬೋಟ್ ದಂಗೆಯ ಕಥೆಯಲ್ಲಿ ಕೆಂಪು ಬಟನ್ ಎಲ್ಲಿ?

ಮಾನ್ಯ ಸಂಪಾದಕರೇ,

ಸಾವಿರ ವರ್ಷ ಮುಂದಿನ ಕಾಲ. ರೋಬೋಟ್‌ಗಳಿಗೆ ಬುದ್ಧಿ ಬಂದಿದೆ. ಒಂದು ರಾತ್ರಿ ಅವೆಲ್ಲ ಮನುಷ್ಯರ ಮೇಲೆ ತಿರುಗಿಬೀಳುತ್ತವೆ. ಭಾನುವಾರದ ಪುರವಣಿಯಲ್ಲೋ ದೀಪಾವಳಿ ವಿಶೇಷಾಂಕದಲ್ಲೋ ಇಂಥ ಕಥೆ ಬಂದರೆ ನಾವು ಆಸೆಯಿಂದ ಓದುವವರು. ಕನ್ನಡದಲ್ಲಿ ಇನ್ನಷ್ಟು ಬರಲಿ. ಆದರೆ ಹೆಚ್ಚಿನ ಕಥೆಗಳಲ್ಲಿ ಒಂದು ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ: ಆ ರೋಬೋಟ್‌ನ ಕೆಂಪು ಬಟನ್, ಅಂದರೆ ತುರ್ತಾಗಿ ನಿಲ್ಲಿಸುವ ಬಟನ್, ಏನಾಯಿತು? ಬುದ್ಧಿ ಬಂತು, ದಂಗೆ ಎದ್ದಿತು ಎಂದು ಕಥೆ ಮುಂದಕ್ಕೆ ಓಡುತ್ತದೆ. ಕಾರ್ಖಾನೆಯ ರೋಬೋಟ್‌ಗಳನ್ನು ದಿನವೂ ಬಿಚ್ಚಿ ಜೋಡಿಸುವವರಿಗೆ ಕಥೆ ಎಡವುವುದು ಅಲ್ಲಿಯೇ. ನಿಲ್ಲಬೇಕೋ ಬೇಡವೋ ಎಂಬ ತೀರ್ಮಾನವನ್ನು ರೋಬೋಟ್‌ನ ಬುದ್ಧಿಗೆ ಯಾರೂ ಬಿಟ್ಟಿರುವುದಿಲ್ಲ.

ಕೆಂಪು ಬಟನ್‌ನ ಹಿಂದೆ ಏನಿದೆ ನೋಡಿ. ಒಂದರ ಬದಲು ಎರಡು ಸಂಪರ್ಕಗಳಿರುತ್ತವೆ, ಬಟನ್ ಒತ್ತುವ ತನಕ ಎರಡೂ ಮುಚ್ಚಿಕೊಂಡು ವಿದ್ಯುತ್ ಹರಿಯಗೊಡುತ್ತವೆ. ಎರಡಕ್ಕೂ ಬೇರೆ ಬೇರೆ ತಂತಿ. ಅವು ಸೇಫ್ಟಿ ರಿಲೇಗೆ, ಅಂದರೆ ಈ ಸಂಪರ್ಕಗಳನ್ನು ಕಾಯುವ ಸ್ವಿಚ್ಚಿಗೆ, ಹೋಗುತ್ತವೆ. ಆ ರಿಲೇ ಒಂದರ ಹಿಂದೊಂದು ಜೋಡಿಸಿದ ಎರಡು ಕಾಂಟ್ಯಾಕ್ಟರ್‌ಗಳನ್ನು, ಅಂದರೆ ಮೋಟರುಗಳ ವಿದ್ಯುತ್ತನ್ನು ಕೂಡಿಸಿ ಕಡಿಯುವ ದೊಡ್ಡ ಸ್ವಿಚ್‌ಗಳನ್ನು, ಹಿಡಿದಿಟ್ಟಿರುತ್ತದೆ. ಬಟನ್ ಒತ್ತಿದರೆ ಸಂಪರ್ಕ ತೆರೆದುಕೊಳ್ಳುತ್ತದೆ, ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುತ್ತದೆ, ಮೋಟರುಗಳಿಗೆ ಹೋಗುವ ವಿದ್ಯುತ್ ಕಡಿತವಾಗುತ್ತದೆ. ತಂತಿ ತುಂಡಾದರೂ ಇದೇ ಪರಿಣಾಮ. ಕಿಡಿಯ ಬಿಸಿಗೆ ಒಂದು ಕಾಂಟ್ಯಾಕ್ಟರ್‌ನ ತುದಿಗಳು ಬೆಸೆದುಕೊಂಡುಬಿಟ್ಟರೆ ಎರಡನೆಯದು ಕಡಿಯುತ್ತದೆ, ಬೆಸೆದದ್ದನ್ನು ಬದಲಿಸುವ ತನಕ ರಿಲೇ ಮತ್ತೆ ಚಾಲೂ ಆಗಗೊಡುವುದಿಲ್ಲ. ಕೀಲುಗಳ ಬ್ರೇಕ್ ಕೂಡ ಹಾಗೆಯೇ: ವಿದ್ಯುತ್ ಇದ್ದರೆ ಬಿಡುತ್ತದೆ, ವಿದ್ಯುತ್ ಹೋದರೆ ಒಳಗಿನ ಸ್ಪ್ರಿಂಗ್ ಅದನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಇಷ್ಟರಲ್ಲಿ ರೋಬೋಟ್‌ನ ಮಿದುಳನ್ನು ಒಮ್ಮೆಯೂ ಕೇಳಿಲ್ಲ. ಅದು ಎಷ್ಟೇ ಜಾಣ ಆಗಿರಲಿ, ಅದರ ಅಭಿಪ್ರಾಯಕ್ಕೆ ಈ ತಂತಿಯಲ್ಲಿ ಜಾಗವಿಲ್ಲ.

ಹಾಗಾದರೆ ದಂಗೆಯ ಕಥೆ ಬರೆಯಲು ಆಗುವುದೇ ಇಲ್ಲವೇ? ಆಗುತ್ತದೆ. ಆದರೆ ಅದು ಮನುಷ್ಯ ಜಂಪರ್, ಅಂದರೆ ಸುರಕ್ಷತೆಯ ಸ್ವಿಚ್ಚನ್ನು ತಪ್ಪಿಸುವ ಅಡ್ಡ ತಂತಿ, ಹಾಕಿದ ದಿನದಿಂದ ಶುರುವಾಗಬೇಕು. ರೋಬೋಟ್‌ನ ಸುತ್ತ ಬೇಲಿ, ಬೇಲಿಗೆ ಬಾಗಿಲು, ಬಾಗಿಲಿಗೆ ಇಂಟರ್‌ಲಾಕ್ ಸ್ವಿಚ್ ಇರುತ್ತದೆ. ಬಾಗಿಲಿಗೆ ಜೋಡಿಸಿದ ನಾಲಗೆಯಂಥ ಲೋಹದ ಕೀಲಿ ಸ್ವಿಚ್‌ನ ಸೀಳಿನೊಳಗೆ ಕೂತಿದ್ದರೆ ಮಾತ್ರ ಯಂತ್ರ ಓಡುತ್ತದೆ. ಬಾಗಿಲು ತೆರೆದಾಗಲೆಲ್ಲ ಲೈನ್ ನಿಲ್ಲುತ್ತದೆ, ಉತ್ಪಾದನೆ ಹಿಂದೆ ಬೀಳುತ್ತದೆ. ಆಗ ಯಾರೋ ಸ್ಟೋರಿನಿಂದ ಇನ್ನೊಂದು ಕೀಲಿ ತಂದು ಆ ಸೀಳಿಗೆ ಸಿಕ್ಕಿಸಿ ತಂತಿಯಿಂದ ಕಟ್ಟಿಬಿಡುತ್ತಾರೆ. ಇಲ್ಲವೇ ಪ್ಯಾನೆಲ್ ತೆರೆದು ಎರಡು ಟರ್ಮಿನಲ್‌ಗಳ ನಡುವೆ ಗೇಣುದ್ದದ ವೈರ್ ಹಾಕುತ್ತಾರೆ. ಅಲ್ಲಿಗೆ ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದೇ ಯಂತ್ರಕ್ಕೆ ಕಾಣುತ್ತದೆ. ಸಾವಿರ ವರ್ಷದ ನಂತರ ಈ ಜಂಪರ್ ತಾಮ್ರದ್ದಾಗಿರಲಿಕ್ಕಿಲ್ಲ, ತುರ್ತು ನಿಲುಗಡೆಯನ್ನೇ ಸಾಫ್ಟ್‌ವೇರ್‌ನೊಳಗೆ ಸೇರಿಸಿದ ಒಂದು ಸಾಲು ಆಗಿರಬಹುದು. ಅದನ್ನು ಯಾರು, ಯಾವ ಒತ್ತಡಕ್ಕೆ ಬರೆದರು ಎಂಬಲ್ಲೇ ಕಥೆಯ ಪ್ರಾಣವಿದೆ.

ಇನ್ನೊಂದು ಎಡೆಯಿದೆ, ಕಥೆಗಾರರು ಗಮನಿಸಬೇಕಾದದ್ದು. ನಿಲುಗಡೆಯಲ್ಲಿ ಕೆಟಗರಿ 0 ಅಂದರೆ ತಕ್ಷಣ ವಿದ್ಯುತ್ ಕಡಿತ. ಕೆಟಗರಿ 1 ಅಂದರೆ ಮೊದಲು ಮೋಟರುಗಳೇ ವೇಗ ಇಳಿಸಿ ನಿಲ್ಲುತ್ತವೆ, ಆಮೇಲೆ ಕಡಿತ. ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದ ತೋಳಿಗೆ ಎರಡೂ ನಡೆಯುತ್ತದೆ. ಎರಡು ಕಾಲಿನ ಮೇಲೆ ನಡೆಯುವ ರೋಬೋಟ್‌ಗೆ ಹಠಾತ್ತಾಗಿ ವಿದ್ಯುತ್ ಕಡಿದರೆ ಅದು ಹತ್ತಿರ ನಿಂತವರ ಮೇಲೆಯೇ ಬೀಳಬಹುದು. ಹಾಗಾಗಿ ಕೂತು ನೆಲ ಮುಟ್ಟುವವರೆಗೆ ಅದಕ್ಕೆ ಒಂದೆರಡು ಸೆಕೆಂಡು ಕೊಡಬೇಕಾಗುತ್ತದೆ. ಆ ಹೊತ್ತಿನಲ್ಲಿ ಮೈ ಇನ್ನೂ ಅದರ ಮಿದುಳಿನ ಕೈಯಲ್ಲೇ ಇರುತ್ತದೆ. ಮಿದುಳು ಒಪ್ಪಲಿ ಬಿಡಲಿ, ಅವಧಿ ಮುಗಿದೊಡನೆ ಕಡಿಯುವ ಟೈಮರ್ ಬೇರೆಯೇ ಇರಬೇಕು. ದಂಗೆಗೆ ಜಾಗವಿದ್ದರೆ ಆ ಎರಡು ಸೆಕೆಂಡಿನಲ್ಲಿ ಇದೆ.

ಮಂಗಳ ಗ್ರಹದ ಗಣಿಗಳಲ್ಲಿ ರೋಬೋಟ್‌ಗಳು ಬಂಡೇಳುತ್ತವೆ, ಭೂಮಿಯಲ್ಲಿ ಕೂತ ಅಧಿಕಾರಿ ಬಟನ್ ಒತ್ತುತ್ತಾನೆ ಎಂದು ಬರೆಯುವವರು ದಯವಿಟ್ಟು ಲೆಕ್ಕ ಹಾಕಿ. ಭೂಮಿಯಿಂದ ಮಂಗಳಕ್ಕೆ ರೇಡಿಯೊ ಸಂಕೇತ ತಲುಪಲು ಹತ್ತಿರವಿದ್ದಾಗ ಸುಮಾರು 3 ನಿಮಿಷ, ದೂರವಿದ್ದಾಗ ಸುಮಾರು 22 ನಿಮಿಷ ಬೇಕು. ಮನುಷ್ಯ ಪಕ್ಕದಲ್ಲಿ ನಿಂತು ರೋಬೋಟ್‌ಗೆ ಕಲಿಸುವಾಗ ಈಗ ಹಾಕುವ ವೇಗಮಿತಿ ಸೆಕೆಂಡಿಗೆ 250 ಮಿಲಿಮೀಟರ್. ಆ ನಿಧಾನಗತಿಯಲ್ಲಿ ಹೊರಟರೂ 22 ನಿಮಿಷದಲ್ಲಿ ಅದು 330 ಮೀಟರ್ ದಾಟಿರುತ್ತದೆ. ಬಟನ್ ಇದ್ದರೆ ಅಲ್ಲೇ, ಆ ಗಣಿಯಲ್ಲೇ ಇರಬೇಕು.

ಕಲಿಸುವ ಮಾತು ಬಂದದ್ದರಿಂದ, ಕಲಿಸುವವರು ಕೈಯಲ್ಲಿ ಹಿಡಿಯುವ ಟೀಚ್ ಪೆಂಡೆಂಟ್ ಎಂಬ ಸಾಧನದ ಹಿಂಬದಿಯ ಸ್ವಿಚ್ ಬಗ್ಗೆ ಹೇಳಲೇಬೇಕು. ಅದಕ್ಕೆ ಮೂರು ಸ್ಥಾನ. ಕೈ ಬಿಟ್ಟರೆ ರೋಬೋಟ್ ನಿಲ್ಲುತ್ತದೆ. ಹದವಾಗಿ ಹಿಡಿದರೆ ಚಲಿಸುತ್ತದೆ. ಬಿಗಿಯಾಗಿ ಹಿಸುಕಿದರೆ ಮತ್ತೆ ನಿಲ್ಲುತ್ತದೆ. ಬೆಚ್ಚಿಬಿದ್ದವರಲ್ಲಿ ಕೆಲವರು ಕೈಯಲ್ಲಿದ್ದದ್ದನ್ನು ಬಿಟ್ಟುಬಿಡುತ್ತಾರೆ, ಕೆಲವರು ಇನ್ನೂ ಗಟ್ಟಿಯಾಗಿ ಅವುಚಿಕೊಳ್ಳುತ್ತಾರೆ. ಎರಡೂ ಥರದ ಹೆದರಿಕೆಗೆ ಉತ್ತರ ಒಂದೇ ಆಗಿರಲಿ ಎಂದು ಇದನ್ನು ಮಾಡಿದ್ದಾರೆ. ಮನುಷ್ಯನ ಭಯವನ್ನು ಇಷ್ಟು ಚೆನ್ನಾಗಿ ಅರಿತ ಸಣ್ಣ ಸಾಮಾನು ಯಂತ್ರಲೋಕದಲ್ಲಿ ಅಪರೂಪ. ಇದೊಂದರ ಮೇಲೆಯೇ ಇಡೀ ಕಥೆ ಕಟ್ಟಬಹುದು.

ಗೆದ್ದ ರೋಬೋಟ್‌ಗಳ ಮುಂದಿನ ಬದುಕನ್ನೂ ಬರೆಯಿರಿ. ಈಗಿನ ಎಷ್ಟೋ ರೋಬೋಟ್ ತೋಳುಗಳಲ್ಲಿ, ಕೀಲುಗಳು ಎಲ್ಲಿವೆ ಎಂಬ ನೆನಪನ್ನು ಕಾಯುವುದು ಟಾರ್ಚಿಗೆ ಹಾಕುವಂಥ ನಾಲ್ಕು ದೊಡ್ಡ ಸೆಲ್‌ಗಳು. ವರ್ಷಕ್ಕೊಮ್ಮೆ, ಅದೂ ಕಂಟ್ರೋಲರ್ ಆನ್ ಇರುವಾಗಲೇ ಅವನ್ನು ಬದಲಿಸಬೇಕು. ಆಫ್ ಮಾಡಿ ಸೆಲ್ ತೆಗೆದರೆ ತೋಳಿಗೆ ತನ್ನ ಕೈ ಎಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಆಮೇಲೆ ಆರೂ ಕೀಲುಗಳನ್ನು ಒಂದೊಂದಾಗಿ ಸೊನ್ನೆಯ ಗುರುತಿಗೆ ತಂದು ಹೊಸದಾಗಿ ನೆನಪು ತುಂಬಬೇಕು. ಗೇರ್‌ಬಾಕ್ಸಿನ ಗ್ರೀಸ್ ಕೂಡ ಕಾಲಕಾಲಕ್ಕೆ ಬದಲಾಗಬೇಕು. ಹಳೆಯದನ್ನು ಹೊರಬಿಡುವ ತೂತು ತೆರೆಯದೆ ಹೊಸದನ್ನು ಒತ್ತಿದರೆ ಒಳಗೆ ಒತ್ತಡ ಏರಿ ಸೀಲ್ ಒಡೆದು ಗ್ರೀಸ್ ಸೋರುತ್ತದೆ. ಈ ಚಾಕರಿಯನ್ನು ಯಾವ ರೋಬೋಟ್ ಯಾವ ರೋಬೋಟ್‌ಗೆ ಮಾಡುತ್ತದೆ?

ಚಾಕರಿ ಎಂಬ ಪದವನ್ನು ಬೇಕೆಂದೇ ಬಳಸಿದ್ದೇವೆ. ರೋಬೋಟ್ ಎಂಬ ಹೆಸರು ಬಂದದ್ದು ಚೆಕ್ ಭಾಷೆಯ 'ರೊಬೋಟಾ'ದಿಂದ. ಜಮೀನ್ದಾರನಿಗೆ ಕಡ್ಡಾಯವಾಗಿ ಮಾಡಿಕೊಡಬೇಕಿದ್ದ ದುಡಿಮೆ ಅದು, ನಮ್ಮ 'ಬಿಟ್ಟಿ ಚಾಕರಿ'ಯೇ ಅದಕ್ಕೆ ಸರಿಯಾದ ಪದ. ಆ ಹೆಸರನ್ನು ಲೋಕಕ್ಕೆ ಕೊಟ್ಟ, ರೋಬೋಟ್‌ಗಳು ದಂಗೆಯೆದ್ದು ಮನುಷ್ಯಕುಲವನ್ನು ಮುಗಿಸುವ ಕಾರೆಲ್ ಚಾಪೆಕ್‌ನ ನಾಟಕ ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಮೊದಲು ಆಡಿದ್ದು 1921ರ ಜನವರಿ 25ರಂದು. ಸರಿಯಾಗಿ 58 ವರ್ಷದ ನಂತರ, 1979ರ ಜನವರಿ 25ರಂದು, ಅಮೆರಿಕದ ಮಿಷಿಗನ್ ರಾಜ್ಯದ ಫ್ಲಾಟ್ ರಾಕ್‌ನ ಎರಕದ ಕಾರ್ಖಾನೆಯಲ್ಲಿ ರೋಬೋಟ್‌ನಿಂದ ಒಬ್ಬ ಕಾರ್ಮಿಕ ಸತ್ತ. ಯಂತ್ರ ದಾಸ್ತಾನಿನ ಲೆಕ್ಕ ತಪ್ಪು ತೋರಿಸುತ್ತಿತ್ತು, ಬಿಡಿಭಾಗ ತರಲು ಅವನು ರ್‍ಯಾಕ್ ಹತ್ತಿದ್ದ, ಹಿಂದಿನಿಂದ ಬಂದ ತೋಳು ಬಡಿಯಿತು. ಹತ್ತಿರ ಬರುತ್ತಿದ್ದೇನೆ ಎಂದು ಎಚ್ಚರಿಸುವ ಸದ್ದು ಅದಕ್ಕಿರಲಿಲ್ಲ. 1981ರಲ್ಲಿ ಜಪಾನಿನ ಅಕಾಶಿಯಲ್ಲಿ ಸತ್ತ ಕಾರ್ಮಿಕ ಬೇಲಿ ದಾಟಿ ಒಳಹೋಗಿದ್ದ. ಬಾಗಿಲು ತೆರೆದು ಹೋಗಿದ್ದರೆ ಯಂತ್ರದ ವಿದ್ಯುತ್ ತಾನಾಗಿ ಕಡಿತವಾಗುತ್ತಿತ್ತು. ಈ ಎರಡು ಸಾವುಗಳಲ್ಲಿ ಯಂತ್ರಕ್ಕೆ ಬುದ್ಧಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಇಂಥ ಸಾವನ್ನು 'ರೋಬೋಟ್ ದಂಗೆ' ಎಂಬ ತಲೆಬರಹದಲ್ಲಿ ಹಾಕಿದರೆ ಬೇಲಿ, ಬಾಗಿಲು, ಸ್ವಿಚ್‌ಗಳನ್ನು ವಿಚಾರಿಸುವವರೇ ಇಲ್ಲವಾಗುತ್ತಾರೆ. ಸತ್ತವರಿಗೆ ಅದು ಅನ್ಯಾಯ.

ಬುದ್ಧಿಯ ಅಪಾಯ ಸುಳ್ಳೆಂದು ನಾವು ಹೇಳುತ್ತಿಲ್ಲ. ಒಮ್ಮೆ ಶುರುವಾದ ಮೇಲೆ ನಡುವೆ ತಡೆಯಲಾಗದ ಯಂತ್ರಕ್ಕೆ ಗುರಿ ಕೊಡುವಾಗ, ನಮಗೆ ನಿಜವಾಗಿ ಬೇಕಾದದ್ದು ಅದೇ ಗುರಿಯೇ ಎಂದು ಖಚಿತ ಮಾಡಿಕೊಳ್ಳಬೇಕೆಂದು ಗಣಿತಜ್ಞ ನಾರ್ಬರ್ಟ್ ವೀನರ್ 1960ರಲ್ಲೇ ಎಚ್ಚರಿಸಿದ್ದರು. ಗುರಿ ಮುಟ್ಟಲೇಬೇಕೆಂದು ಕಲಿತ ಯಂತ್ರಕ್ಕೆ ಕೆಂಪು ಬಟನ್ ಒಂದು ಅಡ್ಡಿಯಾಗಿ ಕಾಣಬಹುದು. ಅದಕ್ಕೆ ಸಿಟ್ಟು ಬರಬೇಕಾಗಿಲ್ಲ, ಲೆಕ್ಕ ಬಂದರೆ ಸಾಕು. ಆದ್ದರಿಂದಲೇ ಆ ಬಟನ್‌ನ ತಂತಿ ಅದರ ಕೈಗೆ ಎಟುಕದ ಕಡೆ ಇರಬೇಕು.

ತಮ್ಮ ಪತ್ರಿಕೆ ಮುಂದಿನ ಕಥಾಸ್ಪರ್ಧೆ ಕರೆಯುವಾಗ ವೈಜ್ಞಾನಿಕ ಕಥೆಗಳಿಗೂ ಒಂದು ವಿಭಾಗ ಇಡಬೇಕೆಂದು ಕೋರುತ್ತೇವೆ. ರೋಬೋಟ್ ಕಥೆ ಬರೆಯುವವರಿಗೆ ಸರ್ಕ್ಯೂಟ್ ಚಿತ್ರ ಬೇಕಿದ್ದರೆ ಕನ್ನಡದಲ್ಲೇ ಬರೆದುಕೊಡಲು ನಾವು ಸಿದ್ಧ.

– ರೋಬೋಟ್ ನಿರ್ವಹಣೆ ಕೆಲಸದ ಗೆಳೆಯರು, ಪೀಣ್ಯ, ಬೆಂಗಳೂರು