ಮಗಳಿಗೊಂದು ಪತ್ರ: ಬಾವುಟದ ಮೇಲೆ ನನ್ನ ಹೆಸರು

ಪುಟ್ಟಿ,

ಮೊನ್ನೆ ನೀನು ಫೋನಿನಲ್ಲಿ ಕೇಳಿದಾಗ "ಕುಕ್ಕರ್ ಕೂಗ್ತಿದೆ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಟ್ಟೆ. ಕುಕ್ಕರ್ ಇಟ್ಟೇ ಇರಲಿಲ್ಲ. ನಿನಗೂ ಗೊತ್ತಾಗಿರುತ್ತದೆ, ಅಲ್ಲಿ ಬೆಳಗ್ಗೆ ಆದರೆ ಇಲ್ಲಿ ರಾತ್ರಿ ಒಂಬತ್ತೂವರೆ, ಆ ಹೊತ್ತಿಗೆ ಯಾರು ಕುಕ್ಕರ್ ಇಡುತ್ತಾರೆ?

ನೀನು ಕೇಳಿದ್ದು ಇಷ್ಟೇ. ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಶಾಸ್ತಾ ಪರ್ವತ ಹತ್ತುವಾಗ ಜೊತೆಗೆ ಒಯ್ಯುವ ಬಟ್ಟೆಯ ಬಾವುಟದ ಮೇಲೆ ನನ್ನ ಹೆಸರು ಬರೆಯಲಾ ಅಂತ. ಹತ್ತುವವರಲ್ಲಿ ಕೆಲವರು ನನ್ನ ಹಾಗೆ ಸ್ತನ ಕ್ಯಾನ್ಸರ್ ಆಗಿ ಬದುಕುಳಿದವರು, ಉಳಿದವರು ನಿನ್ನ ಹಾಗೆ ಅವರ ಕಡೆಯವರು, ಎಲ್ಲರೂ ತಮಗೆ ಬೇಕಾದವರ ಹೆಸರು ಬರೆದು ಒಯ್ಯುತ್ತಾರೆ ಅಂದೆ. ನಾಲ್ಕು ದಿನದಿಂದ ತಲೆಯಲ್ಲಿ ಅದೇ. ಫೋನಿನಲ್ಲಿ ಹೇಳೋಕೆ ಆಗೋದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಬೈಯಬೇಡ. ನಮ್ಮ ಬೀದಿಯಲ್ಲಿ ನನಗೆ ಆಗಿದ್ದು ಹಾರ್ಟ್ ಆಪರೇಷನ್ ಅಂತಲೇ ಎಲ್ಲರೂ ತಿಳಿದಿದ್ದಾರೆ. ನಾವು ಸುಳ್ಳು ಹೇಳಲಿಲ್ಲ. ಯಾರೋ ಕೇಳಿದ್ದಕ್ಕೆ ನಿನ್ನ ಅಪ್ಪ "ಎದೆ ಆಪರೇಷನ್" ಅಂದರು, ಅಷ್ಟೇ. ಕೇಳಿದವರು ತಾವೇ ಸ್ಟೆಂಟ್ ಹಾಕಿದರು. "ಒಂದಾ, ಎರಡಾ?" ಅಂತ ಕೇಳಿದರಂತೆ. ಅಪ್ಪ ಸುಮ್ನೆ ತಲೆ ಆಡಿಸಿ ಬಂದರು. ಎದೆ ಅಂದರೆ ಹೃದಯವೂ ಹೌದು, ಅದೂ ಹೌದು. ಎಂಥ ಅನುಕೂಲದ ಮಾತು ನೋಡು ಮಾರಾಯ್ತಿ. ಕೂದಲು ಉದುರಿದ್ದಕ್ಕೆ ಮಾತ್ರ ಸ್ಟೆಂಟ್ ಉತ್ತರ ಆಗಲಿಲ್ಲ, ಆಗ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಆರು ತಿಂಗಳು ಒಳಗೇ ಇದ್ದೆ.

ಹೀಗೆ ಮುಚ್ಚಿಡೋದು ಆಪರೇಷನ್‌ನಿಂದ ಶುರುವಾದದ್ದಲ್ಲ. ಸ್ನಾನ ಮಾಡುವಾಗ ಆ ಗಂಟು ಕೈಗೆ ಸಿಕ್ಕಿದ್ದು ನಿನ್ನ ಅತ್ತೆಯ ಮಗಳ ಮದುವೆಗೆ ನಾಲ್ಕು ತಿಂಗಳು ಇರುವಾಗ. ಹುಣಸೆ ಬೀಜದಷ್ಟು ಇತ್ತು. ನೋವಿರಲಿಲ್ಲ. ನೋವಿಲ್ಲ ಅಂದಮೇಲೆ ಏನೂ ಅಲ್ಲ ಅಂದುಕೊಂಡೆ, ಮದುವೆ ಮುಗಿಯಲಿ ಅಂದುಕೊಂಡೆ, ಆಮೇಲೆ ಮಳೆಗಾಲ ಕಳೆಯಲಿ ಅಂದುಕೊಂಡೆ. ಇಂಥ ಗಂಟು ಬಹಳ ಸಲ ನೋಯುವುದೇ ಇಲ್ಲ ಅಂತ ಡಾಕ್ಟರ್ ಹೇಳಿದ್ದು ಬಯಾಪ್ಸಿ ಬಂದ ಮೇಲೆ. ನಿನಗೆ ನಾನು "ಮೊನ್ನೆ ತಾನೇ ಸಿಕ್ಕಿತು" ಅಂದಿದ್ದೆ ಅಲ್ವಾ. ಅದು ಸುಳ್ಳು. ಇವತ್ತು ಒಪ್ಪಿಕೊಂಡೆ.

ನೀನು ಕಳಿಸಿದ್ದನ್ನೆಲ್ಲ ಓದಿದೆ. ಜೊತೆಗೆ ನಾನೂ ಹುಡುಕಿ ಓದಿದೆ, ರಾತ್ರಿ ನಿದ್ದೆ ಬರದಿದ್ದಾಗ ಅದೇ ಕೆಲಸ. 1995ರಲ್ಲಿ ಲಾರಾ ಇವಾನ್ಸ್ ಅನ್ನುವ ಹೆಂಗಸು ತನ್ನ ಹಾಗೇ ಸ್ತನ ಕ್ಯಾನ್ಸರ್ ಆಗಿ ಉಳಿದವರನ್ನು ಸೇರಿಸಿಕೊಂಡು, ಒಟ್ಟು 17 ಜನ, ಅರ್ಜೆಂಟೀನಾದ ಅಕಾಂಕಾಗುವಾ ಪರ್ವತಕ್ಕೆ ಹೋದಳಂತೆ. 6,961 ಮೀಟರ್, ಏಷ್ಯಾ ಬಿಟ್ಟರೆ ಅದಕ್ಕಿಂತ ಎತ್ತರದ್ದು ಭೂಮಿ ಮೇಲೆ ಇಲ್ಲ. ಎಲ್ಲರೂ ತುದಿಗೆ ಹೋಗಲಿಲ್ಲ. ಒಂದು ಗುಂಪು ತುದಿಗೆ ಹೊರಟಿತ್ತು, ಇನ್ನೊಂದು ಕೆಳಗಿನ ದಾರಿಯಲ್ಲೇ ನಡೆಯಿತು. ನನಗೆ ಈ ಎರಡನೇ ಗುಂಪು ಜಾಸ್ತಿ ಇಷ್ಟವಾಯಿತು, ಯಾಕೋ ಗೊತ್ತಿಲ್ಲ. ನಾನಿದ್ದರೆ ಅಲ್ಲೇ ಇರುತ್ತಿದ್ದೆ ಅಂತಲೋ ಏನೋ.

ನಿಮ್ಮನ್ನು ಶಾಸ್ತಾಕ್ಕೆ ಕರೆದೊಯ್ಯುವ ಸಂಸ್ಥೆಯನ್ನು 1992ರಲ್ಲಿ ಶುರುಮಾಡಿದ ಆಂಡ್ರಿಯಾ ಮಾರ್ಟಿನ್ ಬಗ್ಗೆಯೂ ಓದಿದೆ. ಅವಳಿಗೂ ಇದೇ ಕಾಯಿಲೆ ಆಗಿತ್ತು. 1998ರಲ್ಲಿ ಆ ಸಂಸ್ಥೆಯಿಂದ ಅಲಾಸ್ಕಾದ ಡೆನಾಲಿ ಪರ್ವತಕ್ಕೆ ಹೆಂಗಸರ ತಂಡ, 2000ದಲ್ಲಿ ಜಪಾನಿನ ಫ್ಯೂಜಿಗೆ ಇನ್ನೂ ದೊಡ್ಡ ಗುಂಪು. ಆಮೇಲೆ ನಿಮ್ಮ ಶಾಸ್ತಾ. ಹತ್ತುವ ಒಬ್ಬೊಬ್ಬರೂ ದುಡ್ಡು ಎತ್ತಬೇಕು, ಆ ದುಡ್ಡು ಪ್ಲಾಸ್ಟಿಕ್, ಮೇಕಪ್ ಸಾಮಾನುಗಳಲ್ಲಿರುವ ಕೆಟ್ಟ ಕೆಮಿಕಲ್‌ಗಳ ವಿರುದ್ಧದ ಕೆಲಸಕ್ಕೆ ಹೋಗುತ್ತದೆ ಅಂದೆಯಲ್ಲ, ಅದು ನನಗೆ ಹಿಡಿಸಿತು. ಇಲ್ಲಿ ಅಕ್ಟೋಬರ್ ಬಂದರೆ ಸ್ತನ ಕ್ಯಾನ್ಸರ್ ಜಾಗೃತಿ ಅಂತ ಸೀರೆ ಅಂಗಡಿಯಲ್ಲೂ ಪಿಂಕ್ ರಿಬ್ಬನ್ ಕಟ್ಟಿ ಡಿಸ್ಕೌಂಟ್ ಕೊಡುತ್ತಾರೆ. ಅದರಿಂದ ಯಾರಿಗೆ ಏನಾಯಿತೋ ದೇವರಿಗೇ ಗೊತ್ತು.

ಆದರೆ ಒಂದು ಮಾತು. ಲಾರಾ 2000ದಲ್ಲಿ ತೀರಿಕೊಂಡಳು, ಆಂಡ್ರಿಯಾ 2003ರಲ್ಲಿ. ಇಬ್ಬರಿಗೂ ಮಿದುಳಿನಲ್ಲಿ ಗಡ್ಡೆ. ಅದನ್ನು ಓದಿದ ರಾತ್ರಿ ಮೊಬೈಲ್ ಮಗುಚಿಟ್ಟು ತುಂಬಾ ಹೊತ್ತು ಕೂತಿದ್ದೆ. ಅಷ್ಟೆತ್ತರ ಹತ್ತಿದವರೂ ಹೋದರು. ಹಾಗಾಗಿ ಮೇಲೆ ನಿಂತು ಫೋಟೋ ತೆಗೆಸಿಕೊಂಡು "ಗೆದ್ದವರು" ಅಂತ ಬರೆಯಬೇಡಿ ಅಂತ ನಿನ್ನ ತಂಡದವರಿಗೆ ಹೇಳು. ಕೀಮೋಗೆ ಹೋದಾಗ ನನ್ನ ಪಕ್ಕದ ಹಾಸಿಗೆಯಲ್ಲಿ ಒಬ್ಬಾಕೆ ಇದ್ದಳು, ನೆನಪಿದೆಯಾ, ವಿಡಿಯೋ ಕಾಲ್‌ನಲ್ಲಿ ನಿನಗೆ ಕೈ ಬೀಸಿದ್ದಳು. ನನಗಿಂತ ಗಟ್ಟಿಗಿತ್ತಿ. ನಾನು ಅಳುವಾಗ ನಗಿಸುತ್ತಿದ್ದಳು. ಐದನೇ ಸಲಕ್ಕೆ ಬರಲಿಲ್ಲ. ಅವಳು ಸೋತಳು ಅಂತ ಯಾರಾದರೂ ನನ್ನ ಎದುರಿಗೆ ಹೇಳಲಿ ನೋಡೋಣ.

ಹಾಗಾದರೆ ಬೆಟ್ಟ ಯಾಕೆ ಹತ್ತಬೇಕು ಅಂತ ನಿನ್ನ ಅಪ್ಪ ಕೇಳಿದರು. ನನಗೆ ನಮ್ಮ ಅಡುಗೆಮನೆ ಬಾಗಿಲ ಪಕ್ಕದ ಗೋಡೆ ನೆನಪಾಯಿತು. ಆಪರೇಷನ್ ಆದ ಮೇಲೆ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ಎಡಗೈ ಮೇಲೇಳುತ್ತಲೇ ಇರಲಿಲ್ಲ. ಫಿಸಿಯೋ ಹುಡುಗಿ ಒಂದು ಕೆಲಸ ಕೊಟ್ಟಳು: ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ನಡೆಸಬೇಕು, ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲ್ ಗೆರೆ ಹಾಕಬೇಕು. ಆ ಗೋಡೆಯ ಮೇಲೆ ನಿನ್ನ ಎತ್ತರ ಅಳೆದ ಗೆರೆಗಳು ಇನ್ನೂ ಇದ್ದಾವಲ್ಲ. ಮೊದಲ ದಿನ ನನ್ನ ಬೆರಳು ನಿನ್ನ ಎರಡನೇ ಕ್ಲಾಸಿನ ಗೆರೆ ಹತ್ತಿರ ನಿಂತಿತು. ಏಳನೇ ಕ್ಲಾಸು ದಾಟುವಷ್ಟರಲ್ಲಿ ಕಣ್ಣಲ್ಲಿ ನೀರು. ಪಿಯುಸಿ ದಾಟಿದ ದಿನ ಪಾಯಸ ಮಾಡಿದೆ, ಯಾಕೆ ಅಂತ ಅಪ್ಪನಿಗೂ ಹೇಳಲಿಲ್ಲ. ನನ್ನ ಪರ್ವತ ಅಷ್ಟೇ ಕಣೇ.

ಆ ಕೈಯಿಂದ ಭಾರ ಎತ್ತಬೇಡ, ಬಾವು ಬಂದರೆ ಇಳಿಯೋದಿಲ್ಲ ಅಂತ ಎಲ್ಲರೂ ಹೆದರಿಸಿದ್ದರು. ಕೊಡಪಾನ ಮುಟ್ಟಿರಲಿಲ್ಲ ನಾನು. ಆಮೇಲೆ ನೀನೇ ಹೇಳಿದೆ, 1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡಾನ್ ಮೆಕೆಂಜಿ ಅನ್ನುವ ಡಾಕ್ಟರ್ ನನ್ನಂಥ 24 ಹೆಂಗಸರನ್ನು ಡ್ರ್ಯಾಗನ್ ಬೋಟ್‌ನಲ್ಲಿ ಕೂರಿಸಿ ಹುಟ್ಟು ಹಾಕಿಸಿದರು, ಕೈ ಬಾತುಕೊಳ್ಳಲಿಲ್ಲ ಅಂತ. ಅವರ ನಂತರ ಜಗತ್ತಿನ ಎಷ್ಟೋ ಕಡೆ ಅಂಥ ದೋಣಿ ತಂಡಗಳಾದವು. ಬೆಟ್ಟ ಹತ್ತಿದ ಹೆಂಗಸರು ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ಹೋದರಲ್ಲ, ಅದನ್ನು ನೋಡಿ ಎಷ್ಟು ಜನ ಕೊಡಪಾನ ಎತ್ತಿದ್ದಾರೋ. ಅಪ್ಪನಿಗೆ ಈ ಉತ್ತರ ಸಾಕು.

ಇನ್ನು ನಿಮ್ಮ ಶಾಸ್ತಾ. ಮ್ಯಾಪ್ ನೋಡಿದೆ, ಗಾಬರಿಯಾಯಿತು. ನೀವು ಹತ್ತಲು ಶುರುಮಾಡುವ ಬನ್ನಿ ಫ್ಲ್ಯಾಟ್ ಅನ್ನುವ ಜಾಗವೇ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿದೆಯಲ್ಲೇ! ನಮ್ಮದು 6,300 ಅಡಿ ಚಿಲ್ಲರೆ, ನಿಮ್ಮದು 14,000ಕ್ಕೂ ಮೇಲೆ. ನಡುವೆ ಟೆಂಟ್ ಹಾಕುವ ಜಾಗಕ್ಕೆ ಹೆಲೆನ್ ಲೇಕ್ ಅಂತ ಹೆಸರು, ಕೆರೆ ಕಾಣೋದೇ ಇಲ್ಲ, ಬರೀ ಹಿಮ. ನಡುರಾತ್ರಿ ಎದ್ದು ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಡಬೇಕು. ತುದಿ ಬಂತು ಅಂದುಕೊಂಡಾಗ ಇನ್ನೊಂದು ಗುಡ್ಡ, ಅದರ ಹೆಸರೇ ಮಿಸರಿ ಹಿಲ್. ಗೋಳಿನ ಗುಡ್ಡ! ಹೆಸರಿಟ್ಟವರು ನಮ್ಮ ಮಲೆನಾಡಿನವರೇ ಇರಬೇಕು. ಮಧ್ಯಾಹ್ನ ಹಿಮ ಮೆತ್ತಗಾಗುತ್ತದೆ, ಕಲ್ಲು ಉರುಳುತ್ತವೆ ಅಂತ ಬರೆದಿದ್ದಾರೆ. ಗೈಡ್ ವಾಪಸ್ ಬನ್ನಿ ಅಂದರೆ ಬಾ. ವಾದ ಮಾಡಬೇಡ.

ಈಗ ಬಾವುಟ. ನನ್ನ ಹೆಸರು ಬರೆ. ಕನ್ನಡದಲ್ಲಿ ಬರೆ. ಪಕ್ಕದಲ್ಲಿ ಇನ್ನೊಂದು ಹೆಸರಿಗೂ ಜಾಗ ಬಿಡು.

ನನ್ನ ದೊಡ್ಡಮ್ಮ, ನಿನ್ನ ಅಜ್ಜಿಯ ಅಕ್ಕ, ನಾನು ಹೈಸ್ಕೂಲಿನಲ್ಲಿದ್ದಾಗ ಹೋದಳು. ಹಿಂದಿನ ಕೋಣೆಯಲ್ಲಿ ಮಲಗಿರುತ್ತಿದ್ದಳು, ಸೆರಗು ಸರಿಯಾಗಿ ಹೊದ್ದು. "ಹುಣ್ಣು ಆಗಿದೆ" ಅನ್ನುತ್ತಿದ್ದರು, ಎಲ್ಲಿ ಅಂತ ಯಾರೂ ಹೇಳಲಿಲ್ಲ. ಅರಿಶಿನ ಅರೆದು ಹಚ್ಚುತ್ತಿದ್ದರು. ಡಾಕ್ಟರ್ ಹತ್ತಿರ ಹೋದಾಗ ತಡವಾಗಿತ್ತು, ಕಿದ್ವಾಯಿಗೆ ಕರೆದುಕೊಂಡು ಹೋಗಿ ಅಂದರಂತೆ. ಆ ಹೆಸರು ಕೇಳಿಯೇ ಮನೆಯವರು ದನಿ ತಗ್ಗಿಸಿದರು. ಮೊನ್ನೆ ನೀನು ಕೇಳಿದ ಮೇಲೆ ಅವಳ ಹೆಸರು ನೆನಪು ಮಾಡಿಕೊಳ್ಳಲು ಕೂತೆ, ಬರಲೇ ಇಲ್ಲ. ಎಲ್ಲರಿಗೂ ದೊಡ್ಡಮ್ಮ, ಅಷ್ಟೇ. ಮಾವನಿಗೆ ಫೋನ್ ಮಾಡಿ ಕೇಳಬೇಕಾಯಿತು. ಚೀಟಿಯಲ್ಲಿ ಬರೆದು ಫೋಟೋ ಕಳಿಸುತ್ತೇನೆ, ಒತ್ತಕ್ಷರ ನೋಡಿಕೊಂಡು ಬರೆ.

ಹಾಂ, ನಿನ್ನ ಡಾಕ್ಟರ್‌ಗೂ ಹೇಳು, ಅಮ್ಮನಿಗೆ ಆಗಿದೆ, ಅಮ್ಮನ ದೊಡ್ಡಮ್ಮನಿಗೂ ಇದೇ ಇದ್ದಂತಿದೆ ಅಂತ. ಯಾವಾಗಿಂದ ಮ್ಯಾಮೋಗ್ರಾಂ, ಜೀನ್ ಟೆಸ್ಟ್ ಬೇಕಾ, ಕೇಳಿ ನನಗೆ ಹೇಳು. ಬೆಟ್ಟಕ್ಕೆ ಹೋಗುವ ಮೊದಲೇ ಕೇಳು. "ನೋಡ್ತೀನಿ ಅಮ್ಮ" ಅನ್ನಬೇಡ, ಅದು ನನ್ನ ಡೈಲಾಗ್.

ಚಟ್ನಿಪುಡಿ, ಅಂಟಿನುಂಡೆ ಪಾರ್ಸೆಲ್ ಮಾಡಿದ್ದೇನೆ. ಹಿಮದ ಮೇಲೆ ಬಿಸಿಲು ಕಣ್ಣಿಗೆ ಹೊಡೆಯುತ್ತದಂತೆ, ಕಪ್ಪು ಕನ್ನಡಕ ಮರೆಯಬೇಡ.

ಪಕ್ಕದ ಮನೆಯವರಿಗೆ ನಾಳೆ ನಾನೇ ಹೇಳುತ್ತೇನೆ, ಹಾರ್ಟ್ ಅಲ್ಲ ಅಂತ. ಪಾಪ, ಎರಡು ವರ್ಷದಿಂದ ನನಗೋಸ್ಕರ ಎಣ್ಣೆ ಇಲ್ಲದ ಪಲ್ಯ ಮಾಡಿ ತಂದು ಕೊಡುತ್ತಿದ್ದಾರೆ.

ನಿನ್ನ
ಅಮ್ಮ