ಹಾರಂಗಿ ಹಿನ್ನೀರಿನ ಆ ಅಣ್ಣನಿಗೆ

ಅಣ್ಣಾ, ಗಾಬರಿಯಲ್ಲಿ ನಿಮ್ಮ ಹೆಸರನ್ನೂ ಕೇಳಲಿಲ್ಲ. ಹೋದ ಭಾನುವಾರ ಹಾರಂಗಿ ಹಿನ್ನೀರಿನ ದಡದಲ್ಲಿ ಮಗಳ ಬೆರಳಿಗೆ ಗಾಳ ಚುಚ್ಚಿಕೊಂಡಾಗ ಓಡಿ ಬಂದವರು ನೀವು.

ಕಾಫಿ ಕೊಯ್ಲು ಮುಗಿದ ಮೇಲೆ ಮೀನು ಹಿಡಿಯಲು ಕರೆದುಕೊಂಡು ಹೋಗುತ್ತೇನೆ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಬೆಳಿಗ್ಗೆಯೇ ಎರಡು ಜಿಲೇಬಿ ಮೀನು ಸಿಕ್ಕಿದ್ದವು. ಎರೆಹುಳು ಸಿಕ್ಕಿಸುವಾಗ ಕೊಕ್ಕೆ ಜಾರಿ, ಅದರ ತುದಿಯಲ್ಲಿ ಹಿಂದಕ್ಕೆ ಚಾಚಿರುವ ಹಿಮ್ಮುಳ್ಳು ಪೂರ್ತಿ ಒಳಗೆ ಹೋಯಿತು. ನಾನು ಹಾಗೇ ಹಿಂದಕ್ಕೆ ಎಳೆಯಲು ಹೊರಟಿದ್ದೆ.

"ಬೇಡ, ಮಾಂಸ ಕಿತ್ತು ಬರುತ್ತೆ" ಅಂದಿರಿ. ಕೊಕ್ಕೆ ಬಾಗಿದ ಕಡೆ ಗಟ್ಟಿ ದಾರ ಸುತ್ತಿದಿರಿ. ಕೊಕ್ಕೆಯ ನೆಟ್ಟಗಿನ ಕಾಲನ್ನು ಬೆರಳಿಗೆ ಒತ್ತಿ ಹಿಡಿದಿರಿ. "ಪುಟ್ಟಿ, ದೊಡ್ಡ ಮೀನು ಹಿಡಿದದ್ದು ಯಾರು? ನೀನಾ, ಅಪ್ಪನಾ?" ಅವಳು "ನಾ..." ಅನ್ನುವಷ್ಟರಲ್ಲಿ ಒಂದೇ ಎಳೆತ, ಕೊಕ್ಕೆ ಹೊರಗೆ. ಒಂದು ಹನಿ ರಕ್ತ, ಅಷ್ಟೇ. ನನ್ನ ಕೈ ಮಾತ್ರ ಇನ್ನೂ ನಡುಗುತ್ತಿತ್ತು.

ಆಮೇಲೆ ಕೂತು ನಮ್ಮ ಕೊಕ್ಕೆಗಳ ಹಿಮ್ಮುಳ್ಳನ್ನೆಲ್ಲ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದಿರಿ. ಮರಿ ಮೀನು ಸಿಕ್ಕರೆ ನೋವಾಗದಂತೆ ವಾಪಸ್ ಬಿಡಬಹುದು ಅಂತ ಅವಳಿಗೆ ಹೇಳಿಕೊಟ್ಟಿರಿ. ಟಿಟಿ ಇಂಜೆಕ್ಷನ್ ಮರೆಯಬೇಡಿ ಅಂದಿರಿ, ಕುಶಾಲನಗರದಲ್ಲಿ ಅದೇ ದಿನ ಹಾಕಿಸಿದೆ.

ಅವಳು ಗಾಳಕ್ಕೆ ಹೆದರಲಿಲ್ಲ, ಅದೇ ನನಗೆ ಜಾಸ್ತಿ ಖುಷಿ. ತುಂಬಾ ಥ್ಯಾಂಕ್ಸ್ ಅಣ್ಣಾ. ನಿಮ್ಮ ಇಕ್ಕಳ ನಮ್ಮ ಬುಟ್ಟಿಯಲ್ಲೇ ಉಳಿದಿದೆ. ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಈ ಭಾನುವಾರವೂ ಅದೇ ದಡಕ್ಕೆ ಬರುತ್ತೇವೆ.