ನೆರಳಿನ ಲೆಕ್ಕ ಕಾಡಿನ ಲೆಕ್ಕವಲ್ಲ

ಮಾನ್ಯ ಸಂಪಾದಕರೇ,

ಅರಣ್ಯ ಸಮೀಕ್ಷೆ ವರದಿ ಬಂದಾಗಲೆಲ್ಲ ಹಸಿರು ಎಷ್ಟು ಹೆಚ್ಚಾಯಿತು ಅನ್ನೋದೇ ಸುದ್ದಿ. ಅದನ್ನು ಅಳೆದದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಒಂದು ಹೆಕ್ಟೇರ್‌ ಅಥವಾ ಅದಕ್ಕಿಂತ ದೊಡ್ಡ ಜಾಗ, ಅದರಲ್ಲಿ ಶೇ 10 ಅಥವಾ ಅದಕ್ಕಿಂತ ಜಾಸ್ತಿ ಮರದ ನೆರಳು, ಅಂದರೆ ಮೇಲಿನಿಂದ ಕಾಣುವ ಎಲೆ-ಕೊಂಬೆಗಳ ಹರವು, ಉಪಗ್ರಹಕ್ಕೆ ಕಂಡರೆ ಮುಗಿಯಿತು, ಅದು ‘ಅರಣ್ಯ ಹೊದಿಕೆ’. ಜಮೀನು ಯಾರದು, ಮರ ಯಾವುದು ಅನ್ನೋದು ಬೇಕಿಲ್ಲ. ದಟ್ಟ, ಸಾಧಾರಣ, ತೆರೆದ ಅಂತ ವಿಂಗಡಿಸುತ್ತಾರೆ ನಿಜ, ಆದರೆ ಅದೂ ನೆರಳಿನ ಲೆಕ್ಕವೇ. ಹಾಗಾಗಿ ನಮ್ಮ ಮಲೆನಾಡಿನ ಅಕೇಶಿಯಾ ನೆಡುತೋಪು, ಕಾಫಿ ತೋಟ, ಹೊನ್ನೆ, ಮತ್ತಿ, ನಂದಿ ಬೆಳೆದ ಹಳೇ ಕಾಡು ಎಲ್ಲವೂ ಒಂದೇ ಮೊತ್ತಕ್ಕೆ ಸೇರುತ್ತವೆ.

ಬೇರೆ ಅಳತೆ ಇಲ್ಲವೇ? ಇದೆ. ಸಂದೇಶ ರವಾನೆಯ ಲೆಕ್ಕಕ್ಕೆಂದು 1948ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಬರೆದ ಸೂತ್ರವನ್ನು ಪರಿಸರ ವಿಜ್ಞಾನಿಗಳು ಎಂದೋ ಕಾಡಿಗೆ ತಂದಿದ್ದಾರೆ. ಎಷ್ಟು ಜಾತಿಯ ಮರಗಳಿವೆ, ಅವು ಎಷ್ಟು ಸಮವಾಗಿ ಹಂಚಿವೆ ಅನ್ನೋದನ್ನು ಅದು ಒಂದೇ ಅಂಕಿಯಲ್ಲಿ ಹೇಳುತ್ತದೆ. 100 ಮರ ಎಣಿಸಿ. ಎಲ್ಲವೂ ಅಕೇಶಿಯಾ ಆದರೆ ಶಾನನ್ ಸೂಚ್ಯಂಕ ಸೊನ್ನೆ. ಹತ್ತು ಜಾತಿ, ತಲಾ ಹತ್ತು ಮರ ಇದ್ದರೆ 2.3. ಇನ್ನು 91 ಅಕೇಶಿಯಾ, ಉಳಿದ ಒಂಬತ್ತು ಜಾತಿಯದು ಒಂದೊಂದೇ ಮರ ಅಂತಿಟ್ಟುಕೊಳ್ಳಿ. ಈಗಲೂ ಜಾತಿ ಹತ್ತೇ, ಆದರೆ ಸೂಚ್ಯಂಕ ಸುಮಾರು 0.5ಕ್ಕೆ ಇಳಿಯುತ್ತದೆ! ನೆಡುತೋಪಿನ ಅಂಚಿಗೆ ನಾಲ್ಕು ನೇರಳೆ ಗಿಡ ನೆಟ್ಟು ಮಿಶ್ರ ಅರಣ್ಯ ಅಂತ ಬೋರ್ಡ್ ಹಾಕಿದರೆ ಈ ಸೂತ್ರ ನಂಬುವುದಿಲ್ಲ.

ಇದೊಂದೇ ಸಾಲದು, ಒಪ್ಪುತ್ತೇನೆ. ಹೊರಗಿನಿಂದ ಬಂದು ಕಾಡಿಗೆ ನುಗ್ಗಿದ ಕಳೆ ಲಂಟಾನವನ್ನೂ ಅದು ಒಂದು ಜಾತಿ ಅಂತಲೇ ಎಣಿಸುತ್ತದೆ. ಕಾಡು ಮುಂದೆಯೂ ಉಳಿಯುತ್ತದೆಯೇ ಅಂತ ತಿಳಿಯಬೇಕಾದರೆ ಅದೇ ಜಾಗವನ್ನು ಮತ್ತೆ ಮತ್ತೆ ಅಳೆಯಬೇಕು. ಎಷ್ಟು ಸಸಿ ಹುಟ್ಟಿತು, ಎಷ್ಟು ಮರ ಸತ್ತಿತು, ದೊಡ್ಡ ಮರದ ಕೆಳಗೆ ಅದೇ ಜಾತಿಯ ಮರಿಗಿಡ ಇದೆಯೋ ಇಲ್ಲವೋ. ಮರಿಗಳೇ ಇಲ್ಲದಿದ್ದರೆ ಮೇಲೆ ಎಷ್ಟು ನೆರಳಿದ್ದರೂ ಆ ಜಾತಿಗೆ ಅಲ್ಲಿ ಮುಂದಿನ ತಲೆಮಾರು ಇಲ್ಲ, ಅಲ್ವಾ? ಇದೇನು ಆಗದ ಕೆಲಸವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪಕ್ಕದ ತಮಿಳುನಾಡಿನ ಮುದುಮಲೈನಲ್ಲಿ 1988ರಲ್ಲಿ 50 ಹೆಕ್ಟೇರ್ ಕಾಡು ಗುರುತಿಸಿ, ಒಂದು ಸೆಂಟಿಮೀಟರ್ ದಪ್ಪದ ಗಿಡವನ್ನೂ ಬಿಡದೆ ಲೆಕ್ಕಕ್ಕೆ ತಂದರು. ಸುಮ್ನೆ ಒಮ್ಮೆ ಎಣಿಸಿ ಬಿಡಲಿಲ್ಲ, ದಶಕಗಳ ಕಾಲ ಮತ್ತೆ ಮತ್ತೆ ಅಳೆದಿದ್ದಾರೆ.

ಅಷ್ಟು ದೊಡ್ಡದು ಎಲ್ಲ ಕಡೆ ಬೇಡ. ಮಲೆನಾಡಿನ ಪ್ರತಿ ತಾಲ್ಲೂಕಿನಲ್ಲೂ ಒಂದೊಂದು ಹೆಕ್ಟೇರ್‌ನ ಕೆಲವು ತುಂಡು ಗುರುತಿಸಿ, ಐದು ವರ್ಷಕ್ಕೊಮ್ಮೆ ಎಣಿಸಿ, ನೆರಳಿನ ಶೇಕಡಾವಾರಿನ ಪಕ್ಕದಲ್ಲೇ ಶಾನನ್ ಸೂಚ್ಯಂಕ ಮತ್ತು ಮರಿಗಳ ಸಂಖ್ಯೆಯನ್ನು ಅರಣ್ಯ ಇಲಾಖೆ ಪ್ರಕಟಿಸಲಿ. ನೀವೂ ‘ಹಸಿರು ಹೆಚ್ಚಳ’ ಅಂತ ತಲೆಬರಹ ಕೊಡುವ ಮೊದಲು ಯಾವ ಮರ ಅಂತ ಒಂದು ಸಲ ಕೇಳಿ.

– ಓದುಗ, ಸಾಗರ